ದಾವಣಗೆರೆ, ದುರ್ಗದ ರಸ್ತೆಗೆ ಯಾವ ಚಿಕ್ಕ ಕಾರು? ಸ್ವಿಫ್ಟ್, ನಿಯೋಸ್, ಟಿಯಾಗೊ ಮತ್ತು ಉಳಿದವು

"ಎಂಟು ಲಕ್ಷದ ಆಸುಪಾಸಿನಲ್ಲಿ ಒಂದು ಚಿಕ್ಕ ಕಾರು ಹೇಳಿ. ದಿನಾ ಓಡಿಸಬೇಕು, ಪೆಟ್ರೋಲ್ ಜಾಸ್ತಿ ಕುಡಿಯಬಾರದು, ಓಡಿಸೋಕೆ ಮಜಾನೂ ಇರಬೇಕು." ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಕೇಳುವಾಗಲೇ ಅವರ ತಲೆಯಲ್ಲಿ ಮೂರು ಹೆಸರು ಇರುತ್ತವೆ: ಮಾರುತಿಯ ಸ್ವಿಫ್ಟ್, ಹ್ಯುಂಡೈನ ಗ್ರ್ಯಾಂಡ್ ಐ10 ನಿಯೋಸ್, ಟಾಟಾದ ಟಿಯಾಗೊ. ಅಷ್ಟರಲ್ಲಿ ಅಪ್ಪ ವ್ಯಾಗನ್ ಆರ್ ತಗೋ ಅಂತಾರೆ, ಭಾವ ಇನ್ನೊಂದು ಲಕ್ಷ ಹಾಕಿ ಬಲೆನೊಗೆ ಹೋಗು ಅಂತಾರೆ, ಆಫೀಸಿನಲ್ಲಿ ಯಾರೋ ಸಿಎನ್‌ಜಿ ಬಿಟ್ಟು ಬೇರೆ ಮಾತೇ ಆಡೋದಿಲ್ಲ. ತಿಂಗಳುಗಟ್ಟಲೆ ವಿಡಿಯೊ ನೋಡಿದರೂ ತೀರ್ಮಾನ ಆಗೋದಿಲ್ಲ.

ಕಾರಿನ ಹೆಸರು ಪಕ್ಕಕ್ಕಿಟ್ಟು ಮೊದಲು ನಿಮ್ಮ ಕಿಲೋಮೀಟರ್ ಎಲ್ಲಿ ಹೋಗುತ್ತದೆ ನೋಡಿ. ಪಿ.ಜೆ. ಬಡಾವಣೆಯಿಂದ ಮಂಡಿಪೇಟೆಗೆ, ಅಲ್ಲಿಂದ ಮಕ್ಕಳ ಸ್ಕೂಲಿಗೆ, ಸಂಜೆ ವಿದ್ಯಾನಗರಕ್ಕೆ. ಇಷ್ಟೇ ಓಡಾಟವಾದರೆ ನಿಮಗೆ ಬೇಕಾದ ಕಾರು ಒಂದು. ದಿನಾ ದಾವಣಗೆರೆಯಿಂದ ದುರ್ಗಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ, ಅಂದರೆ ಹೋಗಿ ಬಂದು ಸುಮಾರು 120 ಕಿಲೋಮೀಟರ್ ಹೆದ್ದಾರಿ ತುಳಿಯುವವರಿಗೆ, ಬೇಕಾದ ಕಾರು ಇನ್ನೊಂದು. ಚನ್ನಗಿರಿ ಕಡೆ ತೋಟ ಇದ್ದು ವಾರಕ್ಕೆರಡು ಸಲ ನಾಲೆ ಏರಿ ಮೇಲೆ ಹೋಗಬೇಕಾದರೆ ಮತ್ತೊಂದು. ಮೂರೂ ಕೆಲಸವನ್ನು ಒಂದೇ ಕಾರು ಮಾಡುತ್ತದೆ, ಆದರೆ ಮೂರನ್ನೂ ಒಂದೇ ಥರ ಚೆನ್ನಾಗಿ ಮಾಡೋದಿಲ್ಲ.

ಅಳೆಯಬೇಕಾದ್ದು ಏನೇನು

ಮೊದಲನೆಯದು ಓಡಿಸುವ ಮಜಾ. ನಮ್ಮ ಕಡೆ ದಿನದ ಮಜಾ ಸಿಗೋದು ಗಂಟೆಗೆ 30ರಿಂದ 80ರ ನಡುವೆ. ಪಿ.ಬಿ. ರಸ್ತೆಯ ಸಿಗ್ನಲ್ ಬಿಟ್ಟ ಕೂಡಲೇ ಎರಡನೇ ಗೇರಿನಲ್ಲಿ ಗಾಡಿ ಎಷ್ಟು ಸಲೀಸಾಗಿ ಎಳೆಯುತ್ತದೆ, ಹದಡಿ ರಸ್ತೆಯಲ್ಲಿ ಟ್ರ್ಯಾಕ್ಟರ್ ದಾಟುವಾಗ ಮೂರನೇ ಗೇರಿಗೆ ಇಳಿಸಿದರೆ ತಕ್ಷಣ ಪಿಕಪ್ ಬರುತ್ತದಾ, ಸ್ಟೇರಿಂಗ್ ತಿರುಗಿಸಿದ ಕಡೆ ಮೂತಿ ಚುರುಕಾಗಿ ಬರುತ್ತದಾ. ಇದಕ್ಕೆ 120 ಪಿಎಸ್ ಶಕ್ತಿ ಬೇಕಿಲ್ಲ. ಗಾಡಿ ಹಗುರ ಇರಬೇಕು, ಗೇರ್ ಸಲೀಸಾಗಿ ಬೀಳಬೇಕು, ಕ್ಲಚ್ ಕಾಲಿಗೆ ಭಾರ ಆಗಬಾರದು. ಈ ಮೂರು ಇದ್ದರೆ 80 ಪಿಎಸ್ ಕಾರಿನಲ್ಲೂ ಮನಸ್ಸು ಹಗುರಾಗುತ್ತದೆ.

ಎರಡನೆಯದು ಆನ್‌ರೋಡ್ ಬೆಲೆ, ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ ಕೊಡುವ ದುಡ್ಡು. ಇದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ. ಮೂರನೆಯದು ಗಟ್ಟಿತನ, ಅಂದರೆ ಗುದ್ದಿದಾಗ ಒಳಗಿದ್ದವರು ಉಳಿಯುತ್ತಾರಾ ಅನ್ನೋದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಹೊತ್ತು ಹಿಂದಿನ ದೀಪ ಇಲ್ಲದ ಟ್ರಾಲಿ, ಪಕ್ಕದಲ್ಲಿ ಕೆಟ್ಟು ನಿಂತ ಲಾರಿ, ಸರ್ವಿಸ್ ರಸ್ತೆಯಿಂದ ಎದುರಾಎದುರು ಬರುವ ಬೈಕು, ಇವೆಲ್ಲ ನಿಮಗೂ ಗೊತ್ತಿರುವುದೇ. ಇದನ್ನು ಕೊನೆಗೆ ಯೋಚಿಸುವ ವಿಷಯ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ನಾಲ್ಕನೆಯದು ನಮ್ಮ ಊರಿಗೇ ಸೇರಿದ್ದು. ಏಪ್ರಿಲ್, ಮೇ ಬಿಸಿಲಿನಲ್ಲಿ ಎಸಿ ಪೂರ್ತಿ ಹಾಕಿದಾಗ ಎಂಜಿನ್ ಸೊರಗುತ್ತದಾ. ಲೆಕ್ಕವಿಲ್ಲದ ರೋಡ್ ಹಂಪ್‌ಗಳಿಗೆ ಅಡಿ ತಾಗುತ್ತದಾ. ಮತ್ತೆ ಗಾಳಿ! ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿರುವುದು ಸುಮ್ನೆ ಅಲ್ಲ. ಆಷಾಢದಲ್ಲಿ ಹೆದ್ದಾರಿ ಮೇಲೆ ಅಡ್ಡಗಾಳಿ ಹೊಡೆದರೆ ಎತ್ತರದ ಹಗುರ ಕಾರು ಪಕ್ಕಕ್ಕೆ ಸರಿದ ಹಾಗೆ ಆಗುತ್ತದೆ. ಬೆಂಗಳೂರಿನಲ್ಲಿ ಕೂತು ಹೋಲಿಕೆ ಮಾಡುವವರು ಇದನ್ನು ಹೇಳೋದಿಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ.

ಸರ್ವಿಸ್, ಬಿಡಿಭಾಗದ ಮಾತು ಬೇಗ ಮುಗಿಯುತ್ತದೆ. ಮಾರುತಿ ಗಾಡಿಯನ್ನು ತಾಲ್ಲೂಕು ಮಟ್ಟದ ಸಣ್ಣ ಗ್ಯಾರೇಜಿನವರೂ ಬಿಚ್ಚಿ ಕಟ್ಟುತ್ತಾರೆ, ಜಗಳೂರಿನಲ್ಲೋ ಹೊಸದುರ್ಗದಲ್ಲೋ ಕೆಟ್ಟು ನಿಂತರೂ ದಾರಿ ಇದೆ. ಹ್ಯುಂಡೈ, ಟಾಟಾ ಅದರ ಹಿಂದೆ ಇವೆ, ತೀರಾ ದೂರವೇನಲ್ಲ. ಮಾರುವಾಗಿನ ಬೆಲೆಯೂ ಹೆಚ್ಚುಕಮ್ಮಿ ಇದೇ ಸಾಲಿನಲ್ಲಿ ನಿಲ್ಲುತ್ತದೆ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಮೇಲಿನ ಸೆಸ್ ಕೂಡ ಹೋಯಿತು. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಎಂಜಿನ್, ಇಷ್ಟಿದ್ದರೆ ಈ ದರ. ನಾವು ಇಲ್ಲಿ ಮಾತಾಡುವ ಪೆಟ್ರೋಲ್, ಡೀಸೆಲ್, ಸಿಎನ್‌ಜಿ ಕಾರುಗಳೆಲ್ಲ ಇದರೊಳಗೆ ಬರುತ್ತವೆ. ದರ ಇಳಿದ ಹೊಸದರಲ್ಲಿ ಎಕ್ಸ್‌ಶೋರೂಂ ಬೆಲೆ (ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ) ಟಿಯಾಗೊಗೆ ನಾಲ್ಕೂವರೆ ಲಕ್ಷದಿಂದ, ವ್ಯಾಗನ್ ಆರ್‌ಗೆ ಐದರಿಂದ, ನಿಯೋಸ್‌ಗೆ ಐದೂವರೆಯಿಂದ, ಸ್ವಿಫ್ಟ್‌ಗೆ ಐದೂ ಮುಕ್ಕಾಲರಿಂದ, ಬಲೆನೊಗೆ ಆರರಿಂದ ಶುರುವಾಯಿತು. ಇವೆಲ್ಲ ಅಂದಾಜು, ಅದೂ ಅತಿ ಕೆಳಗಿನ ವೇರಿಯಂಟಿಗೆ. ಶೋರೂಮಿನ ಇವತ್ತಿನ ದರ ಬರೆಸಿಕೊಂಡೇ ಮುಂದಿನ ಲೆಕ್ಕ ಹಾಕಿ.

ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಜಾಸ್ತಿ. ಐದು ಲಕ್ಷದವರೆಗಿನ ಕಾರಿಗೆ 13 ಪರ್ಸೆಂಟ್, ಐದರಿಂದ ಹತ್ತು ಲಕ್ಷಕ್ಕೆ 14, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ 17. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಏಳು ಲಕ್ಷದ ಕಾರಿಗೆ ತೆರಿಗೆ 98 ಸಾವಿರ, ಸೆಸ್ ಸೇರಿಸಿದರೆ ಒಂದು ಲಕ್ಷ ಒಂಬತ್ತು ಸಾವಿರದ ಹತ್ತಿರ. ಇನ್ಶೂರೆನ್ಸ್‌ನಲ್ಲಿ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಎಲ್ಲ ಸೇರಿ ಏಳು ಲಕ್ಷದ ಕಾರು ಎಂಟೂವರೆ ಹತ್ತಿರ ಬಂದು ನಿಲ್ಲುತ್ತದೆ. ಹಾಗಾಗಿ ನಿಮ್ಮ ಬಜೆಟ್ ಎಂಟು ಲಕ್ಷ ಅಂದರೆ ನೀವು ನೋಡಬೇಕಾದ್ದು ಆರೂವರೆ ಲಕ್ಷ ಎಕ್ಸ್‌ಶೋರೂಮಿನ ಕಾರು. ಇನ್ಶೂರೆನ್ಸ್ ಶೋರೂಮಿನವರ ಹತ್ತಿರವೇ ಮಾಡಿಸಬೇಕು ಅಂತ ಕಾನೂನು ಇಲ್ಲ. ಹೊರಗೆ ಒಂದು ಕೊಟೇಶನ್ ತಂದು ತೋರಿಸಿದರೆ ಅವರ ದರವೂ ಸಾಮಾನ್ಯವಾಗಿ ಇಳಿಯುತ್ತದೆ.

ಸಾಲದ ಮಾತು ಬಂದರೆ, ಆರು ಲಕ್ಷಕ್ಕೆ 9 ಪರ್ಸೆಂಟ್ ಬಡ್ಡಿ ಅಂದುಕೊಳ್ಳಿ. ಐದು ವರ್ಷಕ್ಕೆ ಇಎಂಐ ಸುಮಾರು 12,450. ಏಳು ವರ್ಷಕ್ಕೆ ಮಾಡಿಸಿದರೆ 9,650. ತಿಂಗಳಿಗೆ 2,800 ಉಳಿಯಿತು ಅನ್ನಿಸುತ್ತದೆ, ಒಟ್ಟು ಲೆಕ್ಕದಲ್ಲಿ 60 ಸಾವಿರಕ್ಕೂ ಜಾಸ್ತಿ ಕೈಬಿಡುತ್ತದೆ. ಐದು ವರ್ಷದ ಕಂತು ಕಷ್ಟ ಅನ್ನಿಸಿದರೆ ವೇರಿಯಂಟ್ ಒಂದು ಮೆಟ್ಟಿಲು ಇಳಿಸಿ. ಕಂತು ಕಟ್ಟೋದೇ ಚಿಂತೆಯಾದರೆ ಎಂಥ ಕಾರಿನಲ್ಲೂ ಮಜಾ ಇರೋದಿಲ್ಲ.

ಸ್ವಿಫ್ಟ್

2024ರ ಮೇ ತಿಂಗಳಲ್ಲಿ ಬಂದ ಈಗಿನ ಸ್ವಿಫ್ಟ್‌ನಲ್ಲಿ ಎಂಜಿನ್ ಬದಲಾಯಿತು. ಹಳೆಯದರಲ್ಲಿ ನಾಲ್ಕು ಸಿಲಿಂಡರ್, 90 ಪಿಎಸ್. ಹೊಸದರಲ್ಲಿ ಮೂರು ಸಿಲಿಂಡರ್, 82 ಪಿಎಸ್, ಎಳೆಯುವ ಬಲ (ಟಾರ್ಕ್) 112 ಎನ್‌ಎಂ. ಕಾಗದದ ಮೇಲೆ ಕಮ್ಮಿಯಾಗಿದೆ. ಆದರೆ ಊರೊಳಗೆ ಓಡಿಸಿದರೆ ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ, ಹೊಸದು ಚುರುಕು. ಅಶೋಕ ಟಾಕೀಸ್ ಗೇಟಿನ ಹತ್ತಿರ ಗಾಡಿಗಳ ಹಿಂದೆ ತೆವಳುತ್ತಾ ಹೋಗುವಾಗ ಪದೇಪದೇ ಒಂದನೇ ಗೇರಿಗೆ ಇಳಿಸಬೇಕಾಗೋದಿಲ್ಲ. ಕ್ಲಚ್ ಈಗ ಹೈಡ್ರಾಲಿಕ್, ಕಾಲು ನೋಯೋದಿಲ್ಲ. ಗಾಡಿಯ ತೂಕ 900 ಕೆಜಿಯ ಆಸುಪಾಸು, ಅದೇ ಇದರ ಪ್ರಾಣ. ತಿರುವಿನಲ್ಲಿ ಮೂತಿ ತಕ್ಷಣ ತಿರುಗುತ್ತದೆ. ಹೊಳಲ್ಕೆರೆ ಕಡೆ ಹೋಗುವಾಗಲೋ ಜೋಗಿಮಟ್ಟಿ ಏರು ಹತ್ತುವಾಗಲೋ ಎರಡು, ಮೂರು, ಮತ್ತೆ ಎರಡು ಅಂತ ಗೇರ್ ಆಡಿಸುತ್ತಾ ಹೋಗೋದಿದೆಯಲ್ಲ, ಈ ಬೆಲೆಯಲ್ಲಿ ಅಷ್ಟು ಖುಷಿ ಕೊಡುವ ಹೊಸ ಕಾರು ನನ್ನ ಲೆಕ್ಕದಲ್ಲಿ ಇನ್ನೊಂದಿಲ್ಲ.

ಕೊರತೆಯೂ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಮೂರು ಸಿಲಿಂಡರಿನ ನಡುಕ ಸೀಟಿಗೆ ಬರುತ್ತದೆ. ನಾಲ್ಕು ಜನ ಕೂತು, ಡಿಕ್ಕಿ ತುಂಬಿ, ಎಸಿ ಹಾಕಿ ಹೆದ್ದಾರಿಯಲ್ಲಿ 90ರ ಮೇಲೆ ಲಾರಿ ದಾಟಬೇಕಾದರೆ ಹಳೆಯ ಎಂಜಿನ್ ನೆನಪಾಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಅದಕ್ಕಿದ್ದ ಉಸಿರು ಇದಕ್ಕಿಲ್ಲ. ಹಿಂದಿನ ಸೀಟು ಸ್ವಲ್ಪ ಕತ್ತಲು, ಕಿಟಕಿ ಚಿಕ್ಕದು, ಮಂಡಿ ನೋವಿರುವ ಅಮ್ಮನಿಗೆ ಕೂತು ಏಳೋದು ತ್ರಾಸು. ಡಿಕ್ಕಿ 265 ಲೀಟರ್, ನೆಲದಿಂದ ಎತ್ತರ 163 ಮಿಲಿಮೀಟರ್. ಹಳ್ಳಿ ಹಂಪ್‌ಗಳಿಗೆ ನಾಲ್ಕು ಜನ ಕೂತಾಗ ನಿಧಾನಕ್ಕೆ, ಓರೆಯಾಗಿ ಇಳಿಸಬೇಕು.

ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟಿನಲ್ಲೂ ಇವೆ, ಇದು ಒಳ್ಳೆಯದು. ಹಳೆಯ ಸ್ವಿಫ್ಟ್ 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ಕಾರು ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ ಐದರಲ್ಲಿ ಒಂದೇ ಸ್ಟಾರ್ ಪಡೆದಿತ್ತು. ಸ್ವಿಫ್ಟ್‌ನ ಸೆಡಾನ್ ರೂಪವಾದ ಹೊಸ ಡಿಸೈರ್‌ಗೆ 2024ರಲ್ಲಿ ಐದು ಸ್ಟಾರ್ ಬಂತು. ಶೋರೂಮಿನಲ್ಲಿ ಕೆಲವರು ಆ ಐದು ಸ್ಟಾರ್ ಸ್ವಿಫ್ಟ್‌ಗೂ ಸೇರಿದ್ದು ಅನ್ನುವ ಹಾಗೆ ಮಾತಾಡುತ್ತಾರೆ. ಡಿಸೈರ್ ಅಂಕ ಡಿಸೈರ್‌ಗೆ ಮಾತ್ರ.

ಯಾವ ವೇರಿಯಂಟ್ ಅಂದರೆ, ವಿಎಕ್ಸ್‌ಐ ಮ್ಯಾನುಯಲ್. ಅದರ ಮೇಲಿನದ್ದಕ್ಕೆ ಕೊಡುವ ದುಡ್ಡಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಎಲ್‌ಇಡಿ ಹೆಡ್‌ಲೈಟ್. ರಾತ್ರಿ ಓಡಾಟ ಜಾಸ್ತಿ ಇದ್ದರೆ ಮಾತ್ರ ಯೋಚಿಸಿ.

ಗ್ರ್ಯಾಂಡ್ ಐ10 ನಿಯೋಸ್

ನಾಲ್ಕು ಸಿಲಿಂಡರಿನ 1.2 ಎಂಜಿನ್, 83 ಪಿಎಸ್, 114 ಎನ್‌ಎಂ. ಅಂಕಿ ನೋಡಿದರೆ ಸ್ವಿಫ್ಟ್‌ನಷ್ಟೇ. ಓಡಿಸಿದರೆ ಸ್ವಭಾವವೇ ಬೇರೆ. ನಿಂತಾಗ ಎಂಜಿನ್ ಚಾಲೂ ಇದೆಯಾ ಅಂತ ಮೀಟರ್ ನೋಡಬೇಕು, ಅಷ್ಟು ನಯ. ಗೇರ್ ಎರಡು ಬೆರಳಿನಲ್ಲಿ ಬೀಳುತ್ತದೆ. ಹೊಸದಾಗಿ ಕಾರು ಕಲಿತವರಿಗೆ, ಮನೆಯಲ್ಲಿ ಇಬ್ಬರು ಮೂವರು ಓಡಿಸುವ ಕಡೆ, ಇದಕ್ಕಿಂತ ಸುಲಭದ ಗಾಡಿ ಸಿಗೋದು ಕಷ್ಟ. ಚಾಮರಾಜಪೇಟೆ ಗಲ್ಲಿಯಲ್ಲಿ ಕೈಗಾಡಿ, ಆಟೊ, ಮೂಟೆ ಇಳಿಸುವ ಟೆಂಪೊ ಮಧ್ಯೆ ಹಿಂದೆ ಮುಂದೆ ಮಾಡುವಾಗ ಹಗುರ ಸ್ಟೇರಿಂಗ್‌ನ ಬೆಲೆ ಗೊತ್ತಾಗುತ್ತದೆ. ಒಳಗಿನ ಕೆಲಸ ಅಚ್ಚುಕಟ್ಟು, ಹಿಂದೆಯೂ ಎಸಿ ಗಾಳಿ ಬರುವ ಕಿಂಡಿ ಸಿಗುತ್ತದೆ. ನಮ್ಮ ಬೇಸಿಗೆಗೆ ಅದು ಶೋಕಿ ಅಲ್ಲ, ಅಗತ್ಯ.

ಅದೇ ಹಗುರ ಸ್ಟೇರಿಂಗ್ ಹೆದ್ದಾರಿಯಲ್ಲಿ ಸ್ವಲ್ಪ ಸಪ್ಪೆ. ಚಕ್ರ ಏನು ಮಾಡುತ್ತಿದೆ ಅನ್ನೋದು ಕೈಗೆ ಗೊತ್ತಾಗೋದಿಲ್ಲ. ತಿರುವಿನಲ್ಲಿ ಸ್ವಿಫ್ಟ್ ಕೊಡುವ ಹುರುಪು ಇಲ್ಲ. 2020ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಇದಕ್ಕೆ ಬಂದದ್ದು ಎರಡು ಸ್ಟಾರ್. ಆಮೇಲೆ ಆರು ಏರ್‌ಬ್ಯಾಗ್ ಕೊಟ್ಟರು ನಿಜ, ಆದರೆ ಅಂದು ಅಳೆದ ಬಾಡಿಯ ಗಟ್ಟಿತನ ಏರ್‌ಬ್ಯಾಗ್ ಸೇರಿಸಿದ ಮಾತ್ರಕ್ಕೆ ಬದಲಾಗೋದಿಲ್ಲ. ಊರೊಳಗಿನ ಓಡಾಟವೇ ಮುಕ್ಕಾಲು ಪಾಲು ಇದ್ದವರಿಗೆ ನಿಯೋಸ್ ಸರಿ. ವಾರವಾರ ಬೆಂಗಳೂರು ಅನ್ನುವವರಿಗೆ ನಾನು ಇದನ್ನು ಹೇಳೋದಿಲ್ಲ.

ಟಿಯಾಗೊ

ಬಾಗಿಲು ಹಾಕಿದ ಸದ್ದಿನಲ್ಲೇ ಗಟ್ಟಿ ಅನ್ನಿಸುತ್ತದೆ. ಸದ್ದು ನಂಬಬೇಡಿ, ಪರೀಕ್ಷೆಯ ಅಂಕ ನಂಬಿ: 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕು ಸ್ಟಾರ್ ಕೊಟ್ಟಿತು. ಪರೀಕ್ಷೆ ಹಳೆಯದು, ನಿಯಮ ಆಮೇಲೆ ಬಿಗಿಯಾಗಿದೆ, ಆದರೂ ಆಗ ಈ ಬೆಲೆಯಲ್ಲಿ ಅದು ದೊಡ್ಡ ಮಾತು. ಏರ್‌ಬ್ಯಾಗ್ ಎಷ್ಟು ಅನ್ನೋದನ್ನು ಮಾತ್ರ ನೀವು ತಗೊಳ್ಳುವ ವೇರಿಯಂಟಿಗೆ ಕೇಳಿ, ಬರೆಸಿಕೊಳ್ಳಿ.

1.2 ಮೂರು ಸಿಲಿಂಡರ್, 86 ಪಿಎಸ್, 113 ಎನ್‌ಎಂ. ಶಕ್ತಿ ಸಾಲದು ಅನ್ನೋಕೆ ಆಗೋದಿಲ್ಲ, ಆದರೆ ಗಾಡಿ ಸ್ವಿಫ್ಟ್‌ಗಿಂತ ತೂಕ, ಎಂಜಿನ್ ಸ್ವಲ್ಪ ಒರಟು, ಗೇರ್ ಕೂಡ ಅಷ್ಟು ನಯವಾಗಿ ಬೀಳೋದಿಲ್ಲ. ಹಾಗಾಗಿ ಊರೊಳಗೆ ಚುರುಕು ಕಮ್ಮಿ ಅನ್ನಿಸುತ್ತದೆ. ಇದರ ಮಜಾ ಬೇರೆ ಕಡೆ ಇದೆ. ಹೆಬ್ಬಾಳು ಟೋಲ್ ದಾಟಿ ದುರ್ಗದ ಕಡೆ ಹೊರಟರೆ 80, 90ರಲ್ಲಿ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತದೆ, ಅಡ್ಡಗಾಳಿಗೆ ಅಲುಗೋದು ಕಮ್ಮಿ. ಗುಂಡಿ ಬಿದ್ದರೆ ಸಸ್ಪೆನ್ಷನ್ ನುಂಗಿಕೊಳ್ಳುತ್ತದೆ, ಸೊಂಟಕ್ಕೆ ಹೊಡೆತ ಬರೋದಿಲ್ಲ. ನೆಲದಿಂದ ಎತ್ತರ 170 ಮಿಲಿಮೀಟರ್. ಎರೆ ಮಣ್ಣಿನ ಕಡೆ ರಸ್ತೆ ಮಳೆಗಾಲ ಕಳೆದ ಮೇಲೆ ಅಲೆಅಲೆಯಾಗಿ ಎದ್ದಿರುತ್ತದಲ್ಲ, ಅಲ್ಲಿ ಟಿಯಾಗೊದಲ್ಲಿ ಕೂತವರಿಗೆ ಸ್ವಿಫ್ಟ್‌ನಲ್ಲಿ ಕೂತವರಷ್ಟು ಆಯಾಸ ಆಗೋದಿಲ್ಲ.

ಸರ್ವಿಸ್ ವಿಷಯದಲ್ಲಿ ಟಾಟಾ ಗಾಡಿಯವರ ಅನುಭವ ಒಬ್ಬರದ್ದು ಒಂದು ಥರ. ಹಾಗಾಗಿ ನಿಮ್ಮ ಊರಿನಲ್ಲೇ ಟಿಯಾಗೊ ಇಟ್ಟುಕೊಂಡ ಇಬ್ಬರು ಮೂವರನ್ನು ಕೇಳಿ ತೀರ್ಮಾನ ಮಾಡಿ. ಬೆಲೆ ಕಮ್ಮಿ, ಗಟ್ಟಿತನ ಜಾಸ್ತಿ, ಅದರ ಬದಲಿಗೆ ಎಂಜಿನ್ ನಯ ಬಿಟ್ಟುಕೊಡಬೇಕು. ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಗೆ ಹೋಗುವವರಿಗೆ ಅದು ಲಾಭದ ಲೆಕ್ಕ.

ಇಗ್ನಿಸ್ ಮತ್ತು ವ್ಯಾಗನ್ ಆರ್

ಮಾರುತಿಯ ಇಗ್ನಿಸ್ ಬಗ್ಗೆ ಯಾರೂ ಕೇಳೋದಿಲ್ಲ, ಅದು ನನಗೆ ಬೇಜಾರಿನ ವಿಷಯ. ನೋಡೋಕೆ ಒಂಥರಾ ಇದೆ ಅಂತ ಜನ ಬಿಡುತ್ತಾರೆ. ನಾಲ್ಕು ಸಿಲಿಂಡರ್ 1.2 ಎಂಜಿನ್, 83 ಪಿಎಸ್, ಗಾಡಿಯ ತೂಕ ಸ್ವಿಫ್ಟ್‌ಗಿಂತಲೂ ಕಮ್ಮಿ, ನೆಲದಿಂದ ಎತ್ತರ 180 ಮಿಲಿಮೀಟರ್, ಉದ್ದ 3.7 ಮೀಟರ್. ಈ ನಾಲ್ಕನ್ನೂ ಒಟ್ಟಿಗಿಟ್ಟು ಯೋಚಿಸಿ. ಊರೊಳಗೆ ಜಾಗ ಸಿಕ್ಕ ಕಡೆ ನುಗ್ಗುತ್ತದೆ, ತೋಟದ ದಾರಿಯಲ್ಲಿ ಅಡಿ ತಾಗೋದಿಲ್ಲ, ಮೇಲಿನ ಆರ್‌ಪಿಎಂಗೆ ಎಳೆದರೆ ಹಳೆಯ ಸ್ವಿಫ್ಟ್‌ನ ಖುಷಿಯ ಹತ್ತಿರಕ್ಕೆ ಬರುತ್ತದೆ. ಸಸ್ಪೆನ್ಷನ್ ಗಡುಸು, ಹಿಂದೆ ಇಬ್ಬರಿಗೆ ಸರಿ, ಮೂವರಿಗೆ ಇಕ್ಕಟ್ಟು. ಚನ್ನಗಿರಿ, ಹೊನ್ನಾಳಿ ಕಡೆ ಅಡಿಕೆ ತೋಟ ಇಟ್ಟುಕೊಂಡು ದಾವಣಗೆರೆಯಲ್ಲಿ ಮನೆ ಮಾಡಿದವರು ಇದನ್ನು ಒಂದು ಸಲ ಓಡಿಸದೆ ಬೇರೆ ಯಾವುದಕ್ಕೂ ಅಡ್ವಾನ್ಸ್ ಕೊಡಬೇಡಿ.

ವ್ಯಾಗನ್ ಆರ್ ತಗೊಳ್ಳೋದಾದರೆ 1.2 ಎಂಜಿನ್ ಇರುವುದು ತಗೊಳ್ಳಿ. ಹಗುರ ಬಾಡಿಗೆ 90 ಪಿಎಸ್ ಸಿಕ್ಕರೆ ಪಿಕಪ್ ಹೇಗಿರಬೇಡ! ಒಂದು ಲೀಟರಿನದ್ದಕ್ಕೆ 67 ಪಿಎಸ್ ಮಾತ್ರ, ಮೇ ತಿಂಗಳಲ್ಲಿ ಎಸಿ ಹಾಕಿ ನಾಲ್ಕು ಜನ ಕೂತರೆ ಉಬ್ಬಸ ಗೊತ್ತಾಗುತ್ತದೆ. ಹಿರಿಯರು ಬಗ್ಗದೆ, ನೇರವಾಗಿ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು. ಡಿಕ್ಕಿ 341 ಲೀಟರ್, ಅಂದರೆ ಮದುವೆ ಮನೆಗೆ ಹೊರಟ ಇಡೀ ಸಂಸಾರದ ಬ್ಯಾಗು ಹಿಡಿಯುತ್ತದೆ. ಆದರೆ ತಿರುವಿನಲ್ಲಿ ವಾಲುತ್ತದೆ, ಮೊದಲೇ ಹೇಳಿದ ಅಡ್ಡಗಾಳಿಯ ತೊಂದರೆ ಜಾಸ್ತಿ ಇರೋದು ಇದಕ್ಕೇ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಇದಕ್ಕೆ ಕೊಟ್ಟದ್ದು ಒಂದು ಸ್ಟಾರ್. 2025ರಲ್ಲಿ ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟಿಗೂ ಬಂದವು. ಊರೊಳಗೆ, ಹತ್ತಿರದ ಹಳ್ಳಿಗೆ ಅಂದರೆ ಧಾರಾಳವಾಗಿ ತಗೊಳ್ಳಿ.

ಆಲ್ಟೊ ಕೆ10, ಎಸ್‌ಪ್ರೆಸ್ಸೊ, ಸೆಲೇರಿಯೊ, ಕ್ವಿಡ್ ಒಂದು ಲೀಟರಿನ ಗುಂಪು. ಐದು ಲಕ್ಷ ಆನ್‌ರೋಡ್ ದಾಟೋಕೆ ಆಗೋದೇ ಇಲ್ಲ ಅನ್ನುವವರಿಗೆ ಆಲ್ಟೊ ಕೆ10. ಅದು ಹಗುರ, ಒಬ್ಬರೋ ಇಬ್ಬರೋ ಕೂತರೆ ಚೆನ್ನಾಗಿಯೇ ಓಡುತ್ತದೆ. ಹೆದ್ದಾರಿಗೆ ಬೇಡ.

ಇನ್ನೊಂದು ಲಕ್ಷ ಹಾಕಬೇಕಾ?

ಬಲೆನೊ 90 ಪಿಎಸ್, ನಾಲ್ಕು ಸಿಲಿಂಡರ್, 318 ಲೀಟರ್ ಡಿಕ್ಕಿ, ಹಿಂದೆ ಕಾಲು ಚಾಚುವಷ್ಟು ಜಾಗ. 2025ರಲ್ಲಿ ನಮ್ಮ ದೇಶದ್ದೇ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್ ಬಂತು. ಸ್ವಿಫ್ಟ್‌ನ ಮೇಲಿನ ವೇರಿಯಂಟಿನ ದುಡ್ಡಿಗೆ ಬಲೆನೊದ ಮಧ್ಯದ ವೇರಿಯಂಟ್ ಸಿಗುತ್ತದೆ, ಹಾಗಾಗಿ ಸ್ವಿಫ್ಟ್ ಝಡ್‌ಎಕ್ಸ್‌ಐ ನೋಡುತ್ತಿರುವವರು ಇದನ್ನೂ ನೋಡಬೇಕು. ಒಬ್ಬರೇ ಓಡಿಸುವ ಖುಷಿಗೆ ಸ್ವಿಫ್ಟ್ ಮೇಲು. ನಾಲ್ಕು ಜನ ಬೆಂಗಳೂರಿನ 260 ಕಿಲೋಮೀಟರ್ ಹೋಗೋಕೆ ಬಲೆನೊ ಮೇಲು.

ಟಾಟಾದ ಆಲ್ಟ್ರೋಜ್ 2020ರಲ್ಲೂ ಐದು ಸ್ಟಾರ್ ಪಡೆದ ಕಾರು, 2025ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲೂ ಐದು ಸ್ಟಾರ್. ಚಿಕ್ಕ ಕಾರುಗಳಲ್ಲಿ ಡೀಸೆಲ್ ಎಂಜಿನ್ ಉಳಿದಿರುವುದೂ ಇದರಲ್ಲೇ: 1.5 ಲೀಟರ್, 90 ಪಿಎಸ್, 200 ಎನ್‌ಎಂ. ಆ 200 ಎನ್‌ಎಂ ಅನ್ನೋದು ಹಿರಿಯೂರು ಕಡೆಯ ಏರಿನಲ್ಲಿ ಐದನೇ ಗೇರಿನಲ್ಲೇ ಲಾರಿ ದಾಟಿಸುತ್ತದೆ. ದಿನಾ ದಾವಣಗೆರೆ–ದುರ್ಗ ಓಡುವವರು, ತಿಂಗಳಿಗೆ 2,500 ಕಿಲೋಮೀಟರ್ ದಾಟುವವರು ಡೀಸೆಲ್ ಲೆಕ್ಕ ಹಾಕಿ ನೋಡಿ. ಪೆಟ್ರೋಲ್ ಆಲ್ಟ್ರೋಜ್‌ನಲ್ಲಿ ಟಿಯಾಗೊದ ಥರದ್ದೇ 1.2 ಎಂಜಿನ್ ಇರೋದರಿಂದ ದೊಡ್ಡ ಬಾಡಿಗೆ ಅದು ಸೋಮಾರಿ ಅನ್ನಿಸುತ್ತದೆ.

ನಿಜವಾಗಿ ಸ್ಪೀಡ್ ಬೇಕು ಅನ್ನುವವರಿಗೆ ಐ20 ಎನ್‌ಲೈನ್ ಇದೆ, 1.0 ಟರ್ಬೊ, 120 ಪಿಎಸ್. ಬಹಳ ಚೆಂದದ ಗಾಡಿ. ಆದರೆ ಆನ್‌ರೋಡ್ ಹತ್ತು ಲಕ್ಷ ದಾಟುತ್ತದೆ, ಆಗ ಅದು ಈ ಬರಹದ ಗಾಡಿಯಾಗಿ ಉಳಿಯೋದಿಲ್ಲ.

ಸಿಎನ್‌ಜಿ, ಎಲೆಕ್ಟ್ರಿಕ್, ಎಎಂಟಿ

ಸಿಎನ್‌ಜಿ ಕಾರು ಪೆಟ್ರೋಲಿಗಿಂತ 90 ಸಾವಿರದಷ್ಟು ಜಾಸ್ತಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಸಿಎನ್‌ಜಿ ಕೆಜಿಗೆ 90 ಅಂತ ಹಿಡಿಯಿರಿ. ಪೆಟ್ರೋಲಿನಲ್ಲಿ ಲೀಟರಿಗೆ 18, ಸಿಎನ್‌ಜಿಯಲ್ಲಿ ಕೆಜಿಗೆ 25 ಕಿಲೋಮೀಟರ್ ಬಂದರೆ, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಉಳಿಯೋದು ಸುಮಾರು 2,100 ರೂಪಾಯಿ. ಹಾಕಿದ ದುಡ್ಡು ವಾಪಸ್ ಬರೋಕೆ ಮೂರೂವರೆ ವರ್ಷಕ್ಕೂ ಜಾಸ್ತಿ ಬೇಕು. ತಿಂಗಳಿಗೆ ಎರಡು ಸಾವಿರ ಓಡಿಸಿದರೆ ಎರಡು ವರ್ಷದೊಳಗೆ ಬರುತ್ತದೆ. ಇದರ ಮೇಲೆ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಬಂಕ್ ನಿಮ್ಮ ದಿನದ ದಾರಿಯಲ್ಲೇ ಇರಬೇಕು. ಗ್ಯಾಸ್ ತುಂಬಿಸೋಕೆ ಅಂತಲೇ ಊರಾಚೆ ಹೋಗಿ ಸಾಲಿನಲ್ಲಿ ನಿಲ್ಲೋದಾದರೆ ಉಳಿತಾಯ ಅಲ್ಲೇ ಕರಗುತ್ತದೆ. ಮಾರುತಿಯ ಸಿಎನ್‌ಜಿಯಲ್ಲಿ ದೊಡ್ಡ ಸಿಲಿಂಡರ್ ಡಿಕ್ಕಿಯನ್ನು ತಿಂದುಬಿಡುತ್ತದೆ. ಟಾಟಾ, ಹ್ಯುಂಡೈ ಎರಡು ಸಣ್ಣ ಸಿಲಿಂಡರ್ ಇಟ್ಟು ಜಾಗ ಉಳಿಸಿವೆ. ಮಜಾ ಬೇಕು ಅನ್ನುವವರಿಗೆ ಒಂದು ಮಾತು: ಗ್ಯಾಸಿನಲ್ಲಿ ಸ್ವಿಫ್ಟ್‌ನ ಶಕ್ತಿ 70 ಪಿಎಸ್‌ಗೆ ಇಳಿಯುತ್ತದೆ.

ಟಿಯಾಗೊ ಇವಿ ಊರೊಳಗೆ ಬಹಳ ಚುರುಕು. ಗೇರ್ ಇಲ್ಲ, ಕಾಲು ಒತ್ತಿದ ಕ್ಷಣ ಎಳೆಯುತ್ತದೆ. ಸ್ವಂತ ಮನೆ, ಗೇಟಿನೊಳಗೆ ಗಾಡಿ ನಿಲ್ಲಿಸುವ ಜಾಗ, 15 ಆಂಪಿಯರ್ ಪಾಯಿಂಟ್ ಇದ್ದವರಿಗೆ ದಿನದ ಖರ್ಚು ಪೆಟ್ರೋಲಿನ ಹತ್ತಿರಕ್ಕೂ ಬರೋದಿಲ್ಲ. ಆದರೆ ಬೆಂಗಳೂರಿಗೆ ಹೊರಟರೆ ದಾರಿಯಲ್ಲಿ ಚಾರ್ಜಿಗೆ ನಿಲ್ಲಲೇಬೇಕು. ಮನೆಯಲ್ಲಿ ಇನ್ನೊಂದು ಕಾರು ಇದ್ದರೆ ಒಳ್ಳೆಯ ಆಯ್ಕೆ.

ಎಎಂಟಿ, ಅಂದರೆ ಕ್ಲಚ್ ಒತ್ತದೆ ತಾನೇ ಗೇರ್ ಬದಲಿಸುವ ವ್ಯವಸ್ಥೆ, ಅದರ ಬಗ್ಗೆ ಹೆಚ್ಚು ಹೇಳೋದು ಬೇಡ. ಎಡಗಾಲಿಗೆ ಆರಾಮ, ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದೆ ಹಿಂದೆ ಆಗುತ್ತದೆ. ಓಡಿಸುವ ಖುಷಿಗೆ ಅಂತ ಚಿಕ್ಕ ಕಾರು ನೋಡುತ್ತಿದ್ದರೆ ಮ್ಯಾನುಯಲ್ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ

ಐದಾರು ಲಕ್ಷ ಕೈಯಲ್ಲಿದ್ದು ಸಾಲವೇ ಬೇಡ ಅನ್ನುವವರಿಗೆ 2021ರಿಂದ 2024ರೊಳಗಿನ ನಾಲ್ಕು ಸಿಲಿಂಡರ್ ಸ್ವಿಫ್ಟ್ ಒಳ್ಳೆಯ ಬೇಟೆ, ಗಟ್ಟಿತನದ ವಿಷಯದಲ್ಲಿ ಮೇಲೆ ಹೇಳಿದ ಒಂದು ಸ್ಟಾರ್ ನೆನಪಿರಲಿ. ಫೋಕ್ಸ್‌ವ್ಯಾಗನ್ ಪೊಲೊ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಸಿಕ್ಕರೆ ಅದರ 110 ಪಿಎಸ್ ಮತ್ತು ಗಟ್ಟಿ ಬಾಡಿ ಹೆದ್ದಾರಿಯಲ್ಲಿ ಮನಸ್ಸು ಗೆಲ್ಲುತ್ತದೆ. ಆದರೆ ಅದು 2022ರಲ್ಲಿ ನಿಂತುಹೋದ ಗಾಡಿ, ಸರ್ವಿಸ್ ಖರ್ಚೂ ಮಾರುತಿಗಿಂತ ಜಾಸ್ತಿ. ಒಂದೇ ಕಾರು ಇರುವ ಮನೆಗೆ ನಾನು ಹೇಳೋದಿಲ್ಲ.

ಕೆಎ 17, ಕೆಎ 16 ನಂಬರಿನ ಗಾಡಿಯನ್ನೇ ಮೊದಲು ಹುಡುಕಿ. ಮಾಲೀಕರ ಮನೆಗೇ ಹೋಗಿ ನೋಡಬಹುದು, ಸರ್ವಿಸ್ ದಾಖಲೆ ಇಲ್ಲೇ ಸಿಗುತ್ತದೆ. ಹೊರ ರಾಜ್ಯದ ಗಾಡಿ ಅಗ್ಗ ಅಂತ ಕಂಡರೂ ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕಾಗುತ್ತದೆ, ಅಗ್ಗ ಅನ್ನೋದು ಅಲ್ಲಿಗೇ ಮುಗಿಯಿತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ದುಡ್ಡು ಕೊಡಿ.

ಹಾಗಾದರೆ ಯಾವುದು?

ಒಬ್ಬರು ಅಥವಾ ಗಂಡ ಹೆಂಡತಿ, ಓಡಿಸೋದೇ ಖುಷಿ, ಊರು ಹೆದ್ದಾರಿ ಎರಡೂ ಇದೆ: ಸ್ವಿಫ್ಟ್ ವಿಎಕ್ಸ್‌ಐ. ಮನೆಯಲ್ಲಿ ಮೂವರು ಓಡಿಸುತ್ತಾರೆ, ಊರೊಳಗೇ ಹೆಚ್ಚು: ನಿಯೋಸ್. ಮಕ್ಕಳನ್ನು ಕೂರಿಸಿಕೊಂಡು ವಾರವಾರ ಹೆದ್ದಾರಿ, ಬಜೆಟ್ ಬಿಗಿ: ಟಿಯಾಗೊ. ಅದೇ ಓಡಾಟಕ್ಕೆ ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ ಆಲ್ಟ್ರೋಜ್ ಡೀಸೆಲ್ ಅಥವಾ ಬಲೆನೊ. ತೋಟದ ದಾರಿ ಇದ್ದರೆ ಇಗ್ನಿಸ್, ವಯಸ್ಸಾದವರು ದಿನಾ ಕೂರುವ ಮನೆಗೆ ವ್ಯಾಗನ್ ಆರ್ 1.2.

ಎರಡಕ್ಕೆ ಇಳಿಸಿಕೊಂಡ ಮೇಲೆ ಎರಡನ್ನೂ ಒಂದೇ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿ. ಶೋರೂಮಿನವರು ತೋರಿಸುವ ನುಣುಪು ರಸ್ತೆಯ ಎರಡು ಕಿಲೋಮೀಟರ್ ಸಾಲದು. ಮನೆಯವರನ್ನೂ ಕರೆದುಕೊಂಡು ಹೋಗಿ, ಎಸಿ ಪೂರ್ತಿ ಹಾಕಿ, ನಿಮ್ಮ ಬೀದಿಗೇ ಒಯ್ಯಿರಿ, ನಿಮ್ಮ ಗೇಟಿನೊಳಗೆ ರಿವರ್ಸ್ ಹಾಕಿ. ಸರ್ವಿಸ್ ರಸ್ತೆಯ ಹಂಪ್ ಹತ್ತಿಸಿ. ಎರಡನೇ ಗೇರಿನಲ್ಲಿ ತೀರಾ ನಿಧಾನ ಮಾಡಿ ಮತ್ತೆ ಎಳೆದು ನೋಡಿ, ಎಂಜಿನ್ ಗುರುಗುಟ್ಟುತ್ತದಾ ಸಲೀಸಾಗಿ ಹೋಗುತ್ತದಾ ಗೊತ್ತಾಗುತ್ತದೆ. ಆಮೇಲೆ ಬೇರೆಯವರ ಕೈಗೆ ಸ್ಟೇರಿಂಗ್ ಕೊಟ್ಟು ನೀವು ಹಿಂದಿನ ಸೀಟಿನಲ್ಲಿ ಕೂರಿ.

ಬುಕ್ ಮಾಡುವಾಗ ಗಾಡಿ ತಯಾರಾದ ತಿಂಗಳು ಯಾವುದು ಕೇಳಿ. ವರ್ಷದ ಕೊನೆಯಲ್ಲಿ ರಿಯಾಯಿತಿ ಜಾಸ್ತಿ ಕೊಡುತ್ತಾರೆ, ಆದರೆ ಜನವರಿ ಬಂದ ಕೂಡಲೇ ಗಾಡಿ ಒಂದು ವರ್ಷ ಹಳೆಯ ಲೆಕ್ಕಕ್ಕೆ ಹೋಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರು ರಿಯಾಯಿತಿ ತಗೊಳ್ಳಿ, ಮೂರು ನಾಲ್ಕು ವರ್ಷಕ್ಕೆ ಮಾರುವವರು ಜನವರಿವರೆಗೆ ಕಾಯಿರಿ. ಟೋಲ್ ದಿನಾ ದಾಟುವವರು ಗಾಡಿ ಬಂದ ಕೂಡಲೇ, 2025ರಲ್ಲಿ 3,000 ರೂಪಾಯಿಗೆ ಶುರುವಾದ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಮಾಡಿಸಿಕೊಳ್ಳಿ. 200 ಸಲ ದಾಟಬಹುದು, ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ರಿಜಿಸ್ಟ್ರೇಶನ್‌ಗೆ ಮೊದಲು ಗಾಡಿಯನ್ನು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ ಬನ್ನಿ: ಪೇಂಟ್, ಟೈರು, ಓಡಿದ ಕಿಲೋಮೀಟರ್, ಸ್ಟೆಪ್ನಿ, ಜಾಕ್. ನಂಬರ್ ಬಿದ್ದ ಮೇಲೆ ಏನು ಹೇಳಿದರೂ ಬದಲಿ ಗಾಡಿ ಸಿಗೋದು ಕಷ್ಟ.